ಗಂಗವಂಶದ ಮೂಲಪುರುಷನ ಚರಿತ್ರೆಯ ಘಟ್ಟಗಳು ಮತ್ತು ಸಿಂಹನಂದ್ಯಾಚಾರ್ಯರ ಸ್ಮರಣೆ

ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಗ್ರಂಥಭಾಗದಷ್ಟೇ ಗ್ರಂಥಾಂತ್ಯದ ಪ್ರಶಸ್ತಿಯೂ ಮುಖ್ಯವಾದುದು. ಪ್ರತಿ ಮಾಡಿಸಿದ ಶ್ರಾವಕನ ವಂಶ, ಆತನ ಪೂರ್ವಜರು ಕಟ್ಟಿಸಿದ ಬಸದಿ, ಬಿಟ್ಟ ದತ್ತಿ, ಗುರುಪರಂಪರೆ ಇವೆಲ್ಲವೂ ಅಲ್ಲಿ ಅಡಕವಾಗಿರುತ್ತವೆ. ಆದರೆ ಪೂರ್ವಜನೊಬ್ಬನ ಜೀವನದ ಘಟನೆಗಳನ್ನು ಆತನ ವಂಶಜರು ಬರೆದಿಟ್ಟಾಗ, ಅದರಲ್ಲಿ ಪೂರ್ವಜನ ಕಾಲದ್ದು ಎಷ್ಟು, ಬರೆದವರ ಕಾಲದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಪರಿಶೋಧಕನ ಮೊದಲ ಕರ್ತವ್ಯ. ಕರ್ಣಾಟಕದ ಜೈನ ಇತಿಹಾಸದಲ್ಲಿ ಈ ಪ್ರಶ್ನೆಯು ಅತ್ಯಂತ ಮಹತ್ತ್ವ ಪಡೆಯುವುದು ಗಂಗವಂಶದ ಮೂಲಪುರುಷನಾದ ಕೊಂಗುಣಿವರ್ಮನ ವಿಷಯದಲ್ಲಿ. ಸಿಂಹನಂದ್ಯಾಚಾರ್ಯರ ಅನುಗ್ರಹದಿಂದ ಗಂಗರಾಜ್ಯವು ಸ್ಥಾಪಿತವಾಯಿತೆಂಬುದು ನಮ್ಮ ಪರಂಪರೆಯಲ್ಲಿ ಸರ್ವವಿದಿತವಾದ ಸಂಗತಿ. ಆ ಸಂಗತಿಯು ಯಾವ ಯಾವ ಕಾಲದ ದಾಖಲೆಗಳಲ್ಲಿ ಯಾವ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ನಾಡಿನ ಪರಿಚಯ

ಗಂಗರು ತಮ್ಮನ್ನು ಕೊನೆಯವರೆಗೂ ‘ಕುವಳಾಲಪುರವರೇಶ್ವರ’ರೆಂದೂ ‘ನಂದಗಿರಿನಾಥ’ರೆಂದೂ ಕರೆದುಕೊಂಡರು. ಕುವಳಾಲವೆಂದರೆ ಇಂದಿನ ಕೋಲಾರ. ನಂದಗಿರಿಯೆಂದರೆ ಚಿಕ್ಕಬಳ್ಳಾಪುರದ ನಂದಿಬೆಟ್ಟ. ಇವೆರಡರ ನಡುವಣ ಪ್ರದೇಶವೇ ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆ. ಕೈವಾರವು ಈ ಸೀಮೆಯಲ್ಲಿದೆ. ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಗಂಗವಂಶದ ತೊಟ್ಟಿಲು ತಲಕಾಡಲ್ಲ, ಈ ನಾಡು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ತಲಕಾಡು ಪ್ರಸಿದ್ಧಿಗೆ ಬಂದುದು ಅನಂತರ.

ಕೈವಾರದ ಜನ ತಮ್ಮ ಊರನ್ನು ಭಾರತದ ಏಕಚಕ್ರಪುರವೆಂದು ಹೇಳುತ್ತಾರೆ. ಭೀಮನು ಬಕಾಸುರನನ್ನು ಕೊಂದುದು ಇಲ್ಲಿಯೇ ಎಂಬುದು ಸ್ಥಳಪುರಾಣ. ಊರಿನ ಭೀಮಲಿಂಗೇಶ್ವರ ದೇವಾಲಯವು ಈ ನಂಬಿಕೆಗೆ ಆಶ್ರಯವಾಗಿದೆ. ಪಾಂಡವರ ನೆನಪನ್ನು ಈ ಸೀಮೆಯಲ್ಲಿ ವೈದಿಕ ಪರಂಪರೆಯಷ್ಟೇ ಜೈನ ಪರಂಪರೆಯೂ ಕಾಪಾಡಿದೆ. ನಂದಿಬೆಟ್ಟಕ್ಕೆ ಸೇರಿದ ಗೋಪೀನಾಥಬೆಟ್ಟದಲ್ಲಿ ಸುಮಾರು ೮ನೆಯ ಶತಮಾನದ ಜೈನಶಾಸನವೊಂದಿದೆ. ಅಲ್ಲಿಯ ಅರ್ಹತ್ಪರಮೇಶ್ವರನ ಚೈತ್ಯಭವನವನ್ನು ದಶರಥನ ಮಗನಾದ ರಾಮಸ್ವಾಮಿಯು ನಿರ್ಮಿಸಿದನೆಂದೂ, ಪಾಂಡವರ ತಾಯಿಯಾದ ಕುಂತಿಯು ಅದನ್ನು ಜೀರ್ಣೋದ್ಧಾರ ಮಾಡಿದಳೆಂದೂ ಅದು ಹೇಳುತ್ತದೆ. ರಾಮ, ಕುಂತಿಯರ ಕಾಲಕ್ಕೆ ಈ ಶಾಸನವನ್ನು ಯಾರೂ ಪ್ರಮಾಣವಾಗಿ ಉದಾಹರಿಸಲಾರರು. ಆದರೆ ೮ನೆಯ ಶತಮಾನದಲ್ಲಿ ನಂದಿಯಲ್ಲಿ ಒಂದು ಜಿನಾಲಯವಿತ್ತು, ಅದು ಅಂದಿಗೇ ಬಹು ಪುರಾತನವೆಂಬ ಗೌರವ ಪಡೆದಿತ್ತು ಎಂಬುದಕ್ಕೆ ಇದು ನಿಸ್ಸಂದೇಹವಾದ ಪ್ರಮಾಣ. ಒಂದೇ ಶಾಸನವು ಒಂದು ಕಾಲಕ್ಕೆ ಪ್ರಮಾಣವಾಗಿ, ಇನ್ನೊಂದು ಕಾಲಕ್ಕೆ ಕೇವಲ ಸ್ಮೃತಿಯಾಗಿ ನಿಲ್ಲುತ್ತದೆ. ಮುಂದಿನ ವಿವೇಚನೆಗೆ ಇದೇ ಮಾರ್ಗದರ್ಶಕ.

೨. ಮೂಲಪುರುಷನ ಕಾಲ

ಕೊಂಗುಣಿವರ್ಮನನ್ನು ರೈಸ್ ಮೊದಲಾದವರು ಬಹು ಹಿಂದಕ್ಕೆ ಒಯ್ದರೂ, ಆತನು ಕ್ರಿ.ಶ. ೪ನೆಯ ಶತಮಾನದ ನಡುಭಾಗದವನೆಂಬುದು ಈಗ ಬಹುಮಟ್ಟಿಗೆ ಅಂಗೀಕೃತವಾದ ಅಭಿಪ್ರಾಯ. ಆ ಕಾಲದ ದಕ್ಷಿಣದೇಶದ ಸ್ಥಿತಿಯನ್ನು ಗಮನಿಸಬೇಕು. ಸಮುದ್ರಗುಪ್ತನು ದಂಡೆತ್ತಿ ಬಂದು ಕಾಂಚಿಯ ವಿಷ್ಣುಗೋಪನನ್ನು ಸೋಲಿಸಿದುದು ಅಲಹಾಬಾದಿನ ಸ್ತಂಭಶಾಸನದಿಂದ ತಿಳಿಯುತ್ತದೆ. ಪಲ್ಲವರ ಹಿಡಿತ ಸಡಿಲವಾದ ಆ ಸಂಧಿಕಾಲದಲ್ಲಿಯೇ ಪಶ್ಚಿಮದಲ್ಲಿ ಕದಂಬ ಮಯೂರಶರ್ಮನೂ ಪೂರ್ವದಲ್ಲಿ ಗಂಗ ಕೊಂಗುಣಿವರ್ಮನೂ ತಲೆಯೆತ್ತಿದರು.

ಮಯೂರಶರ್ಮನ ವೃತ್ತಾಂತವನ್ನು ಹೇಳುವ ತಾಳಗುಂದದ ಸ್ತಂಭಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ; ಅದು ಮಯೂರಶರ್ಮನ ಅನಂತರ ನಾಲ್ಕು ತಲೆಮಾರು ಕಳೆದ ಮೇಲೆ, ಶಾಂತಿವರ್ಮನ ಕಾಲದಲ್ಲಿ ಹುಟ್ಟಿದುದು. ಕಾಂಚಿಯ ಘಟಿಕಾಸ್ಥಾನದಲ್ಲಿ ಓದಲು ಹೋದುದು, ಪಲ್ಲವರ ರಾವುತನೊಡನೆ ಕಲಹ, ಶ್ರೀಪರ್ವತದ ಕಾಡಿನಲ್ಲಿ ನೆಲಸಿದುದು, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಪಡೆದುದು, ಕೊನೆಗೆ ಪಲ್ಲವರೇ ಪಟ್ಟವನ್ನು ಒಪ್ಪಿದುದು ಇವು ಅದರಲ್ಲಿ ಬರುವ ಘಟ್ಟಗಳು. ಇಲ್ಲಿ ಉಲ್ಲೇಖಿತರಾದ ಬಾಣರೇ ಕೋಲಾರದ ಪೂರ್ವಭಾಗದಲ್ಲಿ ಬಲಿಷ್ಠರಾಗಿದ್ದವರು. ಕೊಂಗುಣಿವರ್ಮನು ಬಾಣಮಂಡಲವನ್ನು ಗೆಲ್ಲಲೆಂದೇ ಅಭಿಷಿಕ್ತನಾದನೆಂದು ಗಂಗರ ಶಾಸನಗಳು ಹೇಳುತ್ತವೆ. ಕೈವಾರದ ಆಸುಪಾಸಿನ ನೆಲ ಗಂಗರಿಗೂ ಬಾಣರಿಗೂ ಗಡಿಯ ನೆಲವಾಗಿತ್ತು. ಹೊಸ ಅರಸುಮನೆತನವೊಂದು ಅಲ್ಲಿ ನೆಲೆಯೂರಬೇಕಾದರೆ ಖಡ್ಗಬಲವೂ ಬೇಕು, ಪಕ್ಕದ ದೊಡ್ಡ ಅರಸರ ಸಮ್ಮತಿಯೂ ಬೇಕು, ನಾಡಿನೊಳಗಿನ ಪೂಜ್ಯರ ಬೆಂಬಲವೂ ಬೇಕು. ಮುಂದಿನ ದಾಖಲೆಗಳು ಈ ಮೂರರಲ್ಲಿ ಒಂದೊಂದು ಕಾಲದಲ್ಲಿ ಒಂದೊಂದನ್ನು ಎತ್ತಿ ಹಿಡಿಯುತ್ತವೆ.

೩. ಮೊದಲನೆಯ ಪದರ: ೫ ಮತ್ತು ೬ನೆಯ ಶತಮಾನಗಳು

ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದ ಫ್ಲೀಟ್ ಮಹಾಶಯರು ನಿಜವೆಂದು ಒಪ್ಪಿದುದು ಪೆನುಕೊಂಡೆಯ ಪಟಗಳನ್ನು. ಅವುಗಳ ಕಾಲ ಸುಮಾರು ಕ್ರಿ.ಶ. ೪೭೫. ಅವನ್ನು ಕೊಟ್ಟವನು ಕೊಂಗುಣಿವರ್ಮನ ಮರಿಮಗನಾದ, ಸಿಂಹವರ್ಮನೆಂಬ ಹೆಸರೂ ಉಳ್ಳ ಮಾಧವ. ಅಲ್ಲಿ ಮೂಲಪುರುಷನು ಜಾಹ್ನವೇಯ ಕುಲದವನು, ಕಾಣ್ವಾಯನ ಗೋತ್ರದವನು, ಕಾಳಗದಲ್ಲಿ ಪಡೆದ ಗಾಯಗಳೇ ಒಡವೆಯಾಗಿದ್ದವನು. ಮುಂದಿನ ಸಂಗತಿ ಇನ್ನೂ ಗಮನಾರ್ಹ: ತಂದೆಯಾದ ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ, ತನಗೆ ಪಲ್ಲವ ಸ್ಕಂದವರ್ಮನೂ ಪಟ್ಟಾಭಿಷೇಕ ಮಾಡಿದರೆಂದು ಮಾಧವನು ಮರೆಮಾಚದೆ ಹೇಳಿಕೊಂಡಿದ್ದಾನೆ. ಅಂದರೆ ಈ ಪದರದಲ್ಲಿ ಪಟ್ಟ ಕಟ್ಟುವ ಕೈ ಪಲ್ಲವರದು.

ಸ್ವಲ್ಪ ಅನಂತರದ ಪಟಗಳ ಪೀಠಿಕೆಯಲ್ಲಿ ಒಂದು ಹೊಸ ಅಂಶ ಸೇರುತ್ತದೆ. ಕೊಂಗುಣಿವರ್ಮನು ತನ್ನ ಖಡ್ಗದ ಒಂದೇ ಹೊಡೆತದಿಂದ ದೊಡ್ಡ ಶಿಲಾಸ್ತಂಭವನ್ನು ತುಂಡರಿಸಿ ಬಲಪರಾಕ್ರಮಗಳ ಕೀರ್ತಿ ಪಡೆದನು ಎಂಬುದೇ ಅದು. ಮುಂದೆ ಶತಮಾನಗಳವರೆಗೆ ಗಂಗರ ಪೀಠಿಕೆಗಳು ಈ ವಿಶೇಷಣವನ್ನು ಬಿಡಲಿಲ್ಲ. ಆದರೆ ಈ ಕಂಬದ ಪಕ್ಕದಲ್ಲಿ ಮುನಿಯಿಲ್ಲ.

ಬ್ರಾಹ್ಮಣರಿಗೆ ಕೊಟ್ಟ ದತ್ತಿಗಳಲ್ಲಿ ಜೈನಾಚಾರ್ಯರ ಹೆಸರು ಬರಬೇಕಾದುದಿಲ್ಲ, ಆದುದರಿಂದ ಈ ಮೌನಕ್ಕೆ ಅರ್ಥವಿಲ್ಲ ಎಂದು ವಾದಿಸಬಹುದು. ವಾದವು ಯುಕ್ತವೇ. ಆದರೆ ಕೋಲಾರ ಸೀಮೆಯಲ್ಲಿಯೇ, ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ದೊರೆತ ಎರಡು ತಾಮ್ರಪಟಗಳು ಬ್ರಾಹ್ಮಣರಿಗೆ ಕೊಟ್ಟವಲ್ಲ, ಜಿನಾಲಯಗಳಿಗೆ ಕೊಟ್ಟವು. ಒಂದು ಮಾಧವನ ೧೩ನೆಯ ಆಳ್ವಿಕೆಯ ವರ್ಷದ್ದು. ಆಚಾರ್ಯ ವೀರದೇವರ ಉಪದೇಶದಂತೆ ಪೆರ್ಬೊಳಲಿನಲ್ಲಿ ಮೂಲಸಂಘದವರು ಕಟ್ಟಿಸಿದ ಅರ್ಹದಾಯತನಕ್ಕೆ ಬಿಟ್ಟ ದತ್ತಿ. ಮತ್ತೊಂದು ಆತನ ಮಗ ಅವಿನೀತನ ಮೊದಲ ವರ್ಷದ್ದು. ತನ್ನ ಉಪಾಧ್ಯಾಯರಾದ ಪರಮಾರ್ಹತ ವಿಜಯಕೀರ್ತಿಗಳ ಉಪದೇಶದಿಂದ, ಮೂಲಸಂಘದ ಚಂದ್ರನಂದಿ ಮೊದಲಾದವರು ಪ್ರತಿಷ್ಠಿಸಿದ ಉರನೂರಿನ ಜಿನಾಲಯಕ್ಕೆ ಅವಿನೀತನು ವೆನ್ನೆಲ್ಕರಣಿ ಎಂಬ ಗ್ರಾಮವನ್ನು ಕೊಟ್ಟನು. ಪೇರೂರಿನ ಒಂದು ಅರ್ಹದಾಯತನಕ್ಕೆ ಹೊರಸುಂಕದ ನಾಲ್ಕನೆಯ ಒಂದು ಭಾಗವೂ ಅದರಲ್ಲಿ ಸಲ್ಲುತ್ತದೆ. ವೀರದೇವ, ವಿಜಯಕೀರ್ತಿ, ಚಂದ್ರನಂದಿಗಳನ್ನು ಹೆಸರಿಸುವ ಈ ಪಟಗಳ ಪೀಠಿಕೆಯಲ್ಲಿ ಕೊಂಗುಣಿವರ್ಮನ ಸ್ತುತಿ ಇದೆ, ಸಿಂಹನಂದಿಗಳ ಹೆಸರಿಲ್ಲ. ಜಿನಾಲಯಕ್ಕೆ, ಜೈನಗುರುಗಳ ಮಾತಿನಂತೆ ಕೊಟ್ಟ ದತ್ತಿಯಲ್ಲಿಯೇ ರಾಜ್ಯಸ್ಥಾಪಕರಾದ ಜೈನಾಚಾರ್ಯರ ಉಲ್ಲೇಖ ಬಾರದಿರುವುದನ್ನು ಲಘುವಾಗಿ ಕಾಣಲಾಗದು.

ಹಾಗೆಂದು ಈ ಪಟಗಳು ಪರಂಪರೆಗೆ ವಿರೋಧವಾಗಿವೆಯೇ? ಇಲ್ಲ. ಮೂಲಪುರುಷನ ಮರಿಮಗನ ಕಾಲಕ್ಕಾಗಲೇ ಕೋಲಾರ ನಾಡಿನಲ್ಲಿ ಮೂಲಸಂಘವು ಜಿನಾಲಯಗಳನ್ನು ಕಟ್ಟಿಸಿ ನೆಲೆಯೂರಿತ್ತು, ಅರಸುಮಗನಿಗೆ ವಿದ್ಯೆ ಕಲಿಸುವ ಉಪಾಧ್ಯಾಯರು ಪರಮಾರ್ಹತರಾಗಿದ್ದರು ಎಂಬುದನ್ನು ಇವು ಸಮಕಾಲೀನ ಪ್ರಮಾಣದಿಂದ ಸ್ಥಾಪಿಸುತ್ತವೆ. ಸಂಘಕ್ಕೂ ವಂಶಕ್ಕೂ ಇದ್ದ ನಂಟು ಕಟ್ಟುಕಥೆಯಲ್ಲ. ಆ ನಂಟು ಯಾರಿಂದ, ಹೇಗೆ ಮೊದಲಾಯಿತೆಂಬ ಕಥನವಷ್ಟೇ ಈ ಪದರದಲ್ಲಿ ಕಾಣುವುದಿಲ್ಲ.

೪. ಎರಡನೆಯ ಪದರ: ೧೦ನೆಯ ಶತಮಾನ

ಸಿಂಹನಂದ್ಯಾಚಾರ್ಯರ ಹೆಸರು ಸ್ಪಷ್ಟವಾಗಿ ಕಾಣುವುದು ೧೦ನೆಯ ಶತಮಾನದ ಎರಡು ತಾಮ್ರಶಾಸನಗಳಲ್ಲಿ. ಮೊದಲನೆಯದು ಚೋಳ ಪರಾಂತಕನ ೧೫ನೆಯ ವರ್ಷದ, ಅಂದರೆ ಸುಮಾರು ೯೨೧ರ ಉದಯೇಂದಿರಂ ಪಟಗಳು. ಪರಾಂತಕನಿಂದ ಬಾಣಾಧಿರಾಜ ಪದವಿ ಪಡೆದ ಗಂಗ ಪೃಥ್ವೀಪತಿ ಹಸ್ತಿಮಲ್ಲನ ವಂಶವರ್ಣನೆಯಲ್ಲಿ, ಗಂಗವಂಶವು ಸಿಂಹನಂದಿಗಳ ಮಹಿಮೆಯಿಂದ ವೃದ್ಧಿ ಪಡೆಯಿತೆಂದು ಹೇಳಿದೆ. ಎರಡನೆಯದು ಶಕವರ್ಷ ೮೮೪ರ, ಎಂದರೆ ೯೬೨-೬೩ರ ಮಾರಸಿಂಹನ ಕೂಡ್ಲೂರು ಪಟಗಳು. ಅರ್ಹದ್ಭಟ್ಟಾರಕರ ಮತದ ಅನುಗ್ರಹದಿಂದಲೂ ಸಿಂಹನಂದ್ಯಾಚಾರ್ಯರ ಪ್ರಸಾದದಿಂದಲೂ ಕೊಂಗುಣಿವರ್ಮನು ಮಹಾಮಹಿಮೆಯನ್ನು ಪಡೆದನೆಂಬ ಭಾವ ಅಲ್ಲಿದೆ.

ಇವೆರಡೂ ಬ್ರಾಹ್ಮಣರಿಗೆ ಸಂದ ದತ್ತಿಗಳು. ಉದಯೇಂದಿರಂ ದತ್ತಿಯು ಅಲ್ಲಿಯ ಬ್ರಾಹ್ಮಣರಿಗೆ. ಕೂಡ್ಲೂರಿನದು ವಾದಿಘಂಘಲಭಟ್ಟನೆಂದು ಖ್ಯಾತನಾದ ಮುಂಜಾರ್ಯನಿಗೆ. ಬ್ರಾಹ್ಮಣದತ್ತಿಯಲ್ಲಿ ಜೈನಾಚಾರ್ಯರ ಹೆಸರು ಬರಲಾರದೆಂಬ ಮೇಲಿನ ವಾದ ಇಲ್ಲಿ ಬಿದ್ದುಹೋಗುತ್ತದೆ. ಆದರೆ ಅದರೊಡನೆ ಒಂದು ಮುಖ್ಯವಾದ ಲಾಭವೂ ನಮಗೆ ದೊರೆಯುತ್ತದೆ: ೧೦ನೆಯ ಶತಮಾನದಲ್ಲಿ ಸಿಂಹನಂದಿಗಳ ಸ್ಮರಣೆಯು ಒಂದು ಮತದವರ ಮಾತಾಗಿ ಉಳಿದಿರದೆ ಇಡೀ ಅರಸುಮನೆತನದ ಸ್ವಂತ ನೆನಪಾಗಿತ್ತು. ತಮಿಳುನಾಡಿನ ಉದಯೇಂದಿರಂನಲ್ಲಿ ಚೋಳರ ಆಶ್ರಯದಲ್ಲಿದ್ದ ಶಾಖೆಯೂ, ಕನ್ನಡನಾಡಿನಲ್ಲಿ ರಾಷ್ಟ್ರಕೂಟರ ಜತೆಗಿದ್ದ ಶಾಖೆಯೂ ಬೇರೆ ಬೇರೆಯಾಗಿಯೇ ಇದನ್ನು ಹೇಳುತ್ತವೆ. ಎರಡು ಪ್ರತಿಗಳಲ್ಲಿ ಒಂದೇ ಪಾಠ ಕಂಡಾಗ ಅವುಗಳ ಮಾತೃಕೆಯನ್ನು ಇನ್ನೂ ಹಿಂದಕ್ಕೆ ಹುಡುಕುವುದು ಪರಿಶೋಧಕರ ಪದ್ಧತಿ. ಶಾಖೆಗಳು ಬೇರೆಯಾಗುವ ಮುನ್ನವೇ, ಅಂದರೆ ೯ನೆಯ ಶತಮಾನಕ್ಕೂ ಹಿಂದೆಯೇ ಈ ನೆನಪು ಮನೆತನದಲ್ಲಿ ಇತ್ತೆಂದು ಊಹಿಸುವುದು ಈ ಪದ್ಧತಿಗೆ ಅನುಗುಣವಾದುದು.

ಈ ನೆನಪು ಆ ಕಾಲದಲ್ಲಿ ತಾಮ್ರಕ್ಕೆ ಏರಿದುದಕ್ಕೂ ಕಾರಣವಿದೆ. ಮಾರಸಿಂಹನು ೯೭೪ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಕೊಂಡ ಧರ್ಮಾತ್ಮ. ಆತನ ಮಂತ್ರಿಯೂ ಅನಂತರ ರಾಚಮಲ್ಲನ ಮಂತ್ರಿಯೂ ಆದ ಚಾವುಂಡರಾಯನು ೯೭೮ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ರಚಿಸಿದನು, ಬೆಳ್ಗೊಳದಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಿಸಿದನು. ಗೊಮ್ಮಟಸಾರದ ಟೀಕಾಪರಂಪರೆಯು ಸಿಂಹನಂದಿ ಮುನೀಂದ್ರರಿಂದ ಅಭಿನಂದಿತವಾದ ಗಂಗವಂಶವೆಂದು ರಾಚಮಲ್ಲನ ಕುಲವನ್ನು ಸ್ಮರಿಸಿದುದು ಈ ಹಿನ್ನೆಲೆಯಲ್ಲಿಯೇ.

೫. ಮೂರನೆಯ ಪದರ: ೧೨ನೆಯ ಶತಮಾನ

ಸುಮಾರು ೧೦೦೪ರಲ್ಲಿ ತಲಕಾಡು ಚೋಳರ ಕೈಸೇರಿತು. ಕೋಲಾರ, ನಂದಿ, ಕೈವಾರಗಳ ನಾಡು ನಿಗರಿಲಿಚೋಳಮಂಡಲವೆನಿಸಿತು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರಚೋಳನ ತಮಿಳು ಶಾಸನಗಳು ನಿಂತವು. ಗಂಗರ ಕುಡಿಗಳು ಶಿವಮೊಗ್ಗ ಸೀಮೆಯ ಮಂಡಲಿನಾಡಿನಲ್ಲಿ ಚಾಲುಕ್ಯರ ಅಧೀನ ಮಾಂಡಲಿಕರಾಗಿ ಉಳಿದವು. ಮೂಲಪುರುಷನ ಚರಿತ್ರೆಯು ಅತ್ಯಂತ ವಿಸ್ತಾರವಾಗಿ ಬರುವುದು ಇವರ ಕಾಲದ ಕಲ್ಲೂರುಗುಡ್ಡದ ಶಾಸನದಲ್ಲಿ. ಅದರ ಕಾಲ ೧೧೨೧-೨೨.

ಆ ಶಾಸನದಲ್ಲಿ ಗಂಗರು ಅಯೋಧ್ಯೆಯ ಇಕ್ಷ್ವಾಕುವಂಶದವರು. ಗಂಗಾಸ್ನಾನದ ಫಲವಾಗಿ ಜನಿಸಿದ ಗಂಗದತ್ತನಿಂದ ಕುಲಕ್ಕೆ ಹೆಸರು. ಅಹಿಚ್ಛತ್ರದಲ್ಲಿ ಪಾರ್ಶ್ವಭಟ್ಟಾರಕರ ಕೇವಲಜ್ಞಾನದ ಪ್ರಸಂಗ. ಮುಂದೆ ಪದ್ಮನಾಭನೆಂಬ ಅರಸನು ಉಜ್ಜಯಿನಿಯ ಮಹೀಪಾಲನ ಬಾಧೆಗೆ ಅಂಜಿ ದಡಿಗ, ಮಾಧವರೆಂಬ ಮಕ್ಕಳನ್ನು ದಕ್ಷಿಣಕ್ಕೆ ಕಳುಹಿಸಿದುದು. ಪೇರೂರಿನಲ್ಲಿ ಅವರು ಕ್ರಾಣೂರ್ಗಣದ ಸಿಂಹನಂದ್ಯಾಚಾರ್ಯರನ್ನು ಕಂಡುದು. ಆಚಾರ್ಯರು ಪದ್ಮಾವತೀದೇವಿಯನ್ನು ಆರಾಧಿಸಿ ಖಡ್ಗವನ್ನು ಕೊಡಿಸಿದುದು. ಮಾಧವನು ಶಿಲಾಸ್ತಂಭವನ್ನು ಹೊಡೆದು ತುಂಡರಿಸಿದುದು. ಕರ್ಣಿಕಾರದ ಎಸಳುಗಳ ಪಟ್ಟವನ್ನು ಕಟ್ಟಿ, ಪಿಂಛವನ್ನು ಧ್ವಜವಾಗಿ ಕೊಟ್ಟು ಹರಸಿದುದು ಇವೆಲ್ಲ ಕ್ರಮವಾಗಿ ಬರುತ್ತವೆ. ಆಮೇಲೆ ಆಚಾರ್ಯರ ಎಚ್ಚರಿಕೆ: ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ಒಡಂಬಡದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ನೀಚರ ಸಂಗ ಮಾಡಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ಕುಲ ಕೆಡುವುದೆಂಬುದು. ಆ ಬಳಿಕ ನಂದಗಿರಿ ಕೋಟೆಯಾಗಿ, ಕುವಳಾಲ ಪಟ್ಟಣವಾಗಿ, ತೊಂಬತ್ತಾರು ಸಾಸಿರ ನಾಡಾಗಿ, ಜಿನೇಂದ್ರನೇ ದೇವನಾಗಿ ರಾಜ್ಯವು ನೆಲೆಗೊಳ್ಳುತ್ತದೆ.

ಇದೇ ಕಾಲದ ಇನ್ನೊಂದು ಸಾಕ್ಷ್ಯ ಶ್ರವಣಬೆಳ್ಗೊಳದ ಪಾರ್ಶ್ವನಾಥ ಬಸದಿಯಲ್ಲಿರುವ ೧೧೨೯ರ ಮಲ್ಲಿಷೇಣಪ್ರಶಸ್ತಿ. ಘಾತಿಕರ್ಮಗಳೆಂಬ ಶಿಲಾಸ್ತಂಭವನ್ನು ಕಡಿಯುವ ಧ್ಯಾನಖಡ್ಗವನ್ನು ಸಿಂಹನಂದಿಮುನಿಗಳು ಶಿಷ್ಯನಿಗೂ ಅನುಗ್ರಹಿಸಿದರೆಂದು ಅಲ್ಲಿ ಕವಿಯು ಹೇಳುತ್ತಾನೆ. ಹಾಗಲ್ಲವಾದರೆ ರಾಜ್ಯಲಕ್ಷ್ಮಿಯ ದಾರಿಗೆ ಅಡ್ಡವಾಗಿದ್ದ ಕಲ್ಲಕಂಬವು ಆತನ ಖಡ್ಗಕ್ಕೆ ಹೇಗೆ ತುಂಡಾದೀತೆಂದು ಕೇಳುತ್ತಾನೆ. ಈ ‘ಹಾಗಲ್ಲವಾದರೆ’ ಎಂಬ ಮಾತಿನ ಸ್ವರೂಪವನ್ನು ತರ್ಕಶಾಸ್ತ್ರ ಬಲ್ಲವರು ಕೂಡಲೆ ಗುರುತಿಸಬಲ್ಲರು. ಅದು ಅನ್ಯಥಾನುಪಪತ್ತಿ. ಕವಿಗೆ ಸಿದ್ಧವಾಗಿ ದೊರೆತುದು ಹಳೆಯ ಪೀಠಿಕೆಗಳಲ್ಲಿದ್ದ ಕಂಬ. ಅದರಿಂದ ಆತನು ಸಾಧಿಸುತ್ತಿರುವುದು ಗುರುವಿನ ಅನುಗ್ರಹ. ಕಂಬವು ಮೊದಲು, ಮುನಿಯೊಡನೆ ಅದರ ಸಂಬಂಧವು ಆಮೇಲೆ ಎಂಬ ನಮ್ಮ ಪದರಕ್ರಮವನ್ನು ಈ ಪ್ರಶಸ್ತಿಯು ತಾನೇ ಸಮರ್ಥಿಸುತ್ತದೆ.

೬. ಪೂರ್ವಜರ ಚರಿತ್ರೆ ಬೆಳೆದ ಕಾಲ

ಕಲ್ಲೂರುಗುಡ್ಡದ ಕಥನವನ್ನು ಒಂಟಿಯಾಗಿ ನೋಡಬಾರದು. ೧೧, ೧೨ನೆಯ ಶತಮಾನಗಳಲ್ಲಿ ಕನ್ನಡನಾಡಿನ ಅರಸುಮನೆತನಗಳೆಲ್ಲ ತಮ್ಮ ಮೂಲಪುರುಷರ ಚರಿತ್ರೆಯನ್ನು ಹಿಗ್ಗಿಸಿ ಬರೆಸಿದವು. ತಾಳಗುಂದದಲ್ಲಿ ಘಟಿಕೆಯ ವಿದ್ಯಾರ್ಥಿಯಾಗಿದ್ದ ಕದಂಬರ ಪೂರ್ವಜನು ಹಾನಗಲ್ಲು, ಗೋವೆಗಳ ಕದಂಬರ ಶಾಸನಗಳಲ್ಲಿ ಶಿವನ ಬೆವರಹನಿಯಿಂದ ಕದಂಬವೃಕ್ಷದ ಕೆಳಗೆ ಹುಟ್ಟಿದ ಮುಕ್ಕಣ್ಣನಾದನು. ಸೊಸೆವೂರಿನಲ್ಲಿ ಜೈನಮುನಿಯ ಮಾತಿನಂತೆ ಹುಲಿಯನ್ನು ಹೊಡೆದ ಸಳನ ಕಥೆ ಹೊಯ್ಸಳರ ಶಾಸನಗಳಲ್ಲಿ ನೆಲೆಗೊಂಡುದೂ ೧೨ನೆಯ ಶತಮಾನದಲ್ಲಿಯೇ. ಆ ಮುನಿಯನ್ನು ಸುದತ್ತಾಚಾರ್ಯರೆಂದು ಜೈನ ಪರಂಪರೆ ಹೆಸರಿಸುತ್ತದೆ. ಸಳನ ಕಥೆಗೂ ಮಾಧವನ ಕಥೆಗೂ ಚೌಕಟ್ಟು ಒಂದೇ: ನೆಲೆಯಿಲ್ಲದ ಯುವಕ, ಮುನಿಯ ದರ್ಶನ, ಆಯುಧದ ಒಂದು ಹೊಡೆತ, ರಾಜ್ಯಪ್ರಾಪ್ತಿ.

ಗಂಗರ ವಿಷಯದಲ್ಲಿ ಬೇರೊಂದು ಒತ್ತಡವೂ ಇತ್ತು. ಹೊಯ್ಸಳರು ಏಳಿಗೆಗೆ ಬರುತ್ತಿದ್ದಾಗ, ಕೋಲಾರವನ್ನೂ ನಂದಿಯನ್ನೂ ಕಳೆದುಕೊಂಡು ನೂರಕ್ಕೂ ಹೆಚ್ಚು ವರ್ಷಗಳಾಗಿದ್ದ ಮಾಂಡಲಿಕರಿಗೆ ಪೂರ್ವಜನ ಚರಿತ್ರೆಯೇ ಉಳಿದ ಆಸ್ತಿ. ಕಾಣ್ವಾಯನ ಗೋತ್ರದ ಜಾಗದಲ್ಲಿ ಇಕ್ಷ್ವಾಕುಕುಲ ಬಂದುದನ್ನೂ ಗಮನಿಸಬೇಕು. ಇಕ್ಷ್ವಾಕುವಂಶವು ಆದಿತೀರ್ಥಂಕರರ ವಂಶ. ಶಾಸನದ ದತ್ತಿಯು ಮಂಡಲಿಯ ಪಟ್ಟದ ಬಸದಿಗೆ ಸಂಬಂಧಿಸಿದುದು. ಆ ಬಸದಿಯನ್ನು ದಡಿಗ, ಮಾಧವರೇ ಸ್ಥಾಪಿಸಿದರೆಂದು ಅದು ಹೇಳುತ್ತದೆ. ದತ್ತಿ ಸ್ಥಿರವಾಗಬೇಕಾದರೆ ಬಸದಿಯ ಪ್ರಾಚೀನತೆ ಸ್ಥಿರವಾಗಬೇಕಿತ್ತು. ಆಚಾರ್ಯರ ಏಳು ಎಚ್ಚರಿಕೆಗಳನ್ನು ಈ ದೃಷ್ಟಿಯಿಂದ ಓದಿದರೆ ಅವು ೪ನೆಯ ಶತಮಾನದ ಯುವಕನಿಗೆ ಹೇಳಿದವು ಎನ್ನುವುದಕ್ಕಿಂತ, ರಾಜ್ಯ ಕಳೆದುಕೊಂಡ ಕುಲವು ತನ್ನನ್ನು ತಾನು ಪರೀಕ್ಷಿಸಿಕೊಂಡ ಮಾತುಗಳಾಗಿ ಕೇಳಿಸುತ್ತವೆ. ಕುಲವೇಕೆ ಕೆಟ್ಟಿತು ಎಂಬ ಪ್ರಶ್ನೆಗೆ ಕುಲ ಹುಟ್ಟಿದ ದಿನದಲ್ಲಿ ಉತ್ತರ ಹುಡುಕಿದ್ದಾರೆ.

೭. ನಿರ್ಣಯ

ಇದರಿಂದ ಸಿಂಹನಂದ್ಯಾಚಾರ್ಯರ ಐತಿಹಾಸಿಕತೆಗೆ ಕುಂದು ಬರುತ್ತದೆಂದು ಭಾವಿಸಬೇಕಾಗಿಲ್ಲ. ಸಾಲೆತೊರೆಯವರಂತಹ ವಿದ್ವಾಂಸರು ಈ ಪರಂಪರೆಯನ್ನು ನಿಜವೆಂದು ಬಲವಾಗಿ ಸಮರ್ಥಿಸಿದ್ದಾರೆ. ೫ನೆಯ ಶತಮಾನದ ನೊಣಮಂಗಲ ಪಟಗಳಿಂದ ಸಂಘದ ಪ್ರಾಚೀನ ಪ್ರತಿಷ್ಠೆಯೂ, ೧೦ನೆಯ ಶತಮಾನದ ಎರಡು ಶಾಖೆಗಳ ಒಮ್ಮತದಿಂದ ಆಚಾರ್ಯರ ಸ್ಮರಣೆಯೂ ದೃಢಪಡುತ್ತವೆ. ಗಂಗವಂಶದ ಆರಂಭದ ಕಾಲದಲ್ಲಿ ಒಬ್ಬ ಪ್ರಭಾವಶಾಲಿಗಳಾದ ಜೈನಾಚಾರ್ಯರ ಬೆಂಬಲ ಅದಕ್ಕೆ ದೊರೆತಿದ್ದಿತೆಂಬುದು ಸಂಭವನೀಯ. ಅವಿನೀತನ ಪಟದಲ್ಲಿ ಪೇರೂರಿನ ಹೆಸರಿನ ಅರ್ಹದಾಯತನವೊಂದು ಕಾಣಿಸಿಕೊಂಡಿರುವುದು ಈ ಸಂಭವವನ್ನು ಹೆಚ್ಚಿಸುತ್ತದೆ. ಆದರೆ ಹೆಸರಿನ ಸಾಮ್ಯವೊಂದನ್ನೇ ಹಿಡಿದು ಎರಡು ಪೇರೂರುಗಳನ್ನು ಒಂದೆಂದು ಸಾಧಿಸುವ ಆತುರ ಸಲ್ಲದು. ಪದ್ಮನಾಭ, ಮಹೀಪಾಲ, ಕರ್ಣಿಕಾರದ ಪಟ್ಟ, ಏಳು ಎಚ್ಚರಿಕೆಗಳು ಇವು ೧೨ನೆಯ ಶತಮಾನದ ಗಂಗರ ಮನೋಧರ್ಮಕ್ಕೆ ಶ್ರೇಷ್ಠವಾದ ದಾಖಲೆಗಳು. ಅವನ್ನು ೪ನೆಯ ಶತಮಾನಕ್ಕೆ ಸಾಕ್ಷಿಯಾಗಿ ಕರೆದರೆ ಎರಡು ಕಾಲಗಳಿಗೂ ಅನ್ಯಾಯವಾಗುತ್ತದೆ.

ಈ ವಿವೇಕವಿಲ್ಲದೆ ನಡೆದರೆ ಆಗುವ ಅನರ್ಥಕ್ಕೆ ಮರ್ಕರಾ ಪಟಗಳೇ ನಿದರ್ಶನ. ಅವಿನೀತನ ಹೆಸರಿನಲ್ಲಿ ೩೮೮ನೆಯ ವರ್ಷವನ್ನು ಹೇಳುವ ಅವು ಕೊಂಡಕುಂದಾನ್ವಯದ ಆಚಾರ್ಯರ ಸಾಲನ್ನು ಕೊಡುತ್ತವೆ. ಇದನ್ನು ಆಧರಿಸಿ ಕುಂದಕುಂದಾಚಾರ್ಯರ ಕಾಲವನ್ನು ನಿರ್ಣಯಿಸಿದವರುಂಟು. ಆದರೆ ಅದೇ ಪಟದಲ್ಲಿ ಬರುವ ಅಕಾಲವರ್ಷ ಎಂಬ ರಾಷ್ಟ್ರಕೂಟರ ಬಿರುದು ಅದು ಬಹಳ ಈಚೆಗೆ ಬರೆದುದೆಂಬುದನ್ನು ಹೊರಗೆಡಹುತ್ತದೆ. ದುರ್ಬಲವಾದ ಕಂಬಕ್ಕೆ ಭಾರವಾದ ತೊಲೆಯನ್ನು ಹೊರಿಸಿದರೆ, ಕಂಬ ಕುಸಿದ ದಿನ ತೊಲೆಯೂ ಬೀಳುತ್ತದೆ. ಆಚಾರ್ಯರ ಗೌರವವನ್ನು ಇಂತಹ ಆಧಾರದ ಮೇಲೆ ನಿಲ್ಲಿಸುವುದು ಭಕ್ತಿಯೂ ಅಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಸುಳ್ಳು ಬರೆಯುವುದಷ್ಟೇ ಅಲ್ಲ, ಒಂದು ಕಾಲದ ಬರಹವನ್ನು ಅರಿತೂ ಇನ್ನೊಂದು ಕಾಲದ ತಲೆಗೆ ಕಟ್ಟುವುದೂ ಆ ದೋಷದ ಸಮೀಪದ್ದೇ. ವಂಶಾವಳಿ, ಪಟ್ಟಾವಳಿ, ಗ್ರಂಥಪ್ರಶಸ್ತಿಗಳನ್ನು ಪರಿಶೋಧಿಸುವವರು ಪೂರ್ವಜನ ಜೀವನದ ಪ್ರತಿಯೊಂದು ಘಟ್ಟದ ಪಕ್ಕದಲ್ಲಿಯೂ ಅದು ಮೊದಲು ಕಾಣಿಸಿಕೊಳ್ಳುವ ದಾಖಲೆಯ ಕಾಲವನ್ನು ಬರೆದಿಟ್ಟರೆ ಈ ದೋಷದಿಂದ ಪಾರಾಗಬಹುದು. ಸಮಕಾಲೀನ ದಾಖಲೆಯಿಂದ ತಿಳಿದುದು, ವಂಶದ ನೆನಪಿನಿಂದ ತಿಳಿದುದು, ಆ ನೆನಪಿಗೆ ಆಮೇಲಿನವರು ಕೊಟ್ಟ ಅರ್ಥ ಈ ಮೂರನ್ನೂ ಬೇರೆ ಬೇರೆ ನಯಗಳಿಂದ ಗ್ರಹಿಸಿದಾಗ ಒಂದು ಇನ್ನೊಂದನ್ನು ಬಾಧಿಸುವುದಿಲ್ಲ. ಗೋಪೀನಾಥಬೆಟ್ಟದ ಶಾಸನದಲ್ಲಿ ಕುಂತಿಯನ್ನು ಕಾಣುವ ಶ್ರದ್ಧೆಯೂ, ಅದರ ಲಿಪಿಯಲ್ಲಿ ೮ನೆಯ ಶತಮಾನವನ್ನು ಕಾಣುವ ಶಾಸ್ತ್ರವೂ ಒಬ್ಬನೇ ವಿದ್ವಾಂಸನಲ್ಲಿ ಇರಬಲ್ಲವು. ಗಂಗವಂಶದ ಚರಿತ್ರೆಯನ್ನು ಮುಂದೆ ಪರಿಷ್ಕರಿಸುವವರು ಕೊಂಗುಣಿವರ್ಮನ ಗಾಯಗಳಿಗೂ, ಮಾಧವನು ಕಡಿದ ಕಂಬಕ್ಕೂ, ಸಿಂಹನಂದಿಗಳ ಪಿಂಛಕ್ಕೂ ಅವುಗಳಿಗೆ ಸಲ್ಲುವ ಶತಮಾನಗಳನ್ನು ಕೊಟ್ಟು ಬರೆಯಲೆಂಬುದು ನಮ್ಮ ವಿನಂತಿ.